ಬೋಲ್ಟ್ ಬಿಗಿ, ವಾಷರ್ ಸಡಿಲ

ಕೆಡಲು ಶುರುವಾದದ್ದು ಬೆಳಗಿನ ಹತ್ತೂಕಾಲಿಗೆ. ಆಗ ಅದು ಯಾರಿಗೂ ಕೆಡುಕಿನಂತೆ ಕಾಣಲಿಲ್ಲ, ಹಬ್ಬದಂತೆ ಕಂಡಿತು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಬಸ್ಸು ನಮ್ಮ ಗ್ಯಾರೇಜಿನ ಎದುರು ನಿಂತು ಲಾರಿ ಮಾಲೀಕನನ್ನು ಇಳಿಸಿತು. ನಾನು ಗಡಿಯಾರ ನೋಡಿಕೊಂಡು, ಹನ್ನೊಂದರೊಳಗೆ ಎಂಜಿನ್ನಿಗೆ ಮೊದಲನೆಯ ಹೆಡ್ ಕೂರಿಸಬಹುದು ಎಂದು ಮಾಮಾನಿಗೆ ಹೇಳುತ್ತಿದ್ದೆ. ಹೀಗಾಗಿ ಆ ಹೊತ್ತು ನೆನಪಿನಲ್ಲಿ ಉಳಿದಿದೆ.

ಗ್ಯಾರೇಜು ನನ್ನ ಸೋದರಮಾವನದು. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು. ಕಾಲೇಜಿಗೆ ರಜೆ ಇದ್ದಾಗ ಅವನ ಮನೆಯಲ್ಲೇ ಉಳಿದು ಕೆಲಸಕ್ಕೆ ಕೈ ಜೋಡಿಸುತ್ತೇನೆ. ಲಾರಿ ಮಾಲೀಕ ಸಾವಳಗಿ ಕಡೆಯವನು, ತನ್ನ ಗಾಡಿಯನ್ನು ತಾನೇ ಓಡಿಸುತ್ತಾನೆ. ಮನೆಯವರೆಲ್ಲ ಬೀರೇಶ್ವರನ ಭಕ್ತರು, ಅವನ ಅಂಗಿಯ ಕಿಸೆಯಲ್ಲಿ ಭಂಡಾರದ, ಅಂದರೆ ದೇವರ ಅರಿಶಿನದ, ಚೀಲ ಇಲ್ಲದ್ದನ್ನು ನಾನು ನೋಡಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ಬಾಡಗಂಡಿಯ ಕಾರ್ಖಾನೆಗೆ ಕಬ್ಬು ಹೇರಬೇಕಾದ ಗಾಡಿ ನಮ್ಮಲ್ಲಿ ಕ್ಯಾಬಿನ್ ಮುಂದಕ್ಕೆ ಬಗ್ಗಿಸಿಕೊಂಡು, ಎಂಜಿನ್ ಬಿಚ್ಚಿಕೊಂಡು ನಿಂತಿತ್ತು.

ಅದು ಆರು ಸಿಲಿಂಡರಿನ ಹಳೆಯ ಎಂಜಿನ್. ಸಿಲಿಂಡರುಗಳ ಬಾಯಿ ಮುಚ್ಚಲು ಎರಡೆರಡಕ್ಕೆ ಒಂದರಂತೆ ಮೂರು ಹೆಡ್‌ಗಳು. ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್ ಶಾಫ್ಟಿನ ಒಂದು ಉಬ್ಬು ಸವೆದು ಎಂಜಿನ್ ಟಕಟಕ ಅನ್ನುತ್ತಿತ್ತು, ಹೆಡ್‌ಗಳ ತಳವೂ ಸೊಟ್ಟಗಾಗಿತ್ತು. ಹೆಡ್‌ಗಳು ಮುಧೋಳದ ಲೇತಿನಲ್ಲಿ ತಳ ಸಪಾಟು ಮಾಡಿಸಿಕೊಂಡು ಬಂದಿದ್ದವು. ಹೊಸ ಕ್ಯಾಮ್ ಶಾಫ್ಟನ್ನು ಹಿಂದಿನ ದಿನವೇ ಹಾಕಿದ್ದೆವು. ಅದಕ್ಕೆ ಉದ್ದಕ್ಕೂ ಎಣ್ಣೆ ಸವರಿ, ಮುಂದಿನಿಂದ ಬ್ಲಾಕಿನೊಳಗೆ ಕೂದಲೆಳೆಯಷ್ಟೂ ಉಜ್ಜದಂತೆ ಜಾರಿಸಬೇಕು. ನಾನು ಬ್ಯಾಟರಿ ದೀಪ ಹಿಡಿದಿದ್ದೆ. ‘ಅವಸರ ಮಾಡಿದರ ಬೇರಿಂಗ್ ಗೀರತಾವು, ಅದರ ಪಾಡಿಗೆ ಅದು ಹೋಗ್ಲಿ’ ಎನ್ನುತ್ತ ಮಾಮಾ ಮಲಗಿದ ಕೂಸನ್ನು ಎತ್ತುವವನಂತೆ ಅದನ್ನು ಒಳಗೆ ಬಿಟ್ಟ. ಕ್ರ್ಯಾಂಕಿನ ಗೇರಿನ ಚುಕ್ಕೆ ಕ್ಯಾಮಿನ ಗೇರಿನ ಎರಡು ಚುಕ್ಕೆಗಳ ನಡುವೆ ಬಂದು ಕೂತಿತು. ಕ್ಯಾಮಿನ ಉಬ್ಬುಗಳ ಮೇಲೆ ಕೂರುವ ಟ್ಯಾಪೆಟ್‌ಗಳನ್ನು ಮೇಲಿನಿಂದ ಒಂದೊಂದಾಗಿ ಇಳಿಬಿಟ್ಟೆವು. ಇನ್ನು ಉಳಿದದ್ದು ಹೆಡ್ ಕೂರಿಸುವುದು.

ಬಸ್ಸಿಳಿದು ಬಂದ ಮಾಲೀಕ ಚಕ್ರದ ಮೇಲೆ ಕಾಲಿಟ್ಟು ಇಣುಕಿ ನೋಡಿದ. ಹೊಸ ಲೈನರುಗಳು, ಹೊಳೆಯುವ ಪಿಸ್ಟನ್‌ಗಳು. ಅವನ ಮುಖ ಅರಳಿತು.

‘ಮದುವಿ ಮನಿ ಆಗೇತಲ್ರೀ ಮಿಸ್ತ್ರಿ!’

‘ಇರು, ಇನ್ನಾ ಹೆಡ್ ಕುಂದ್ರಸಿಲ್ಲ,’ ಎಂದ ಮಾಮಾ.

ಮಾತು ಮುಗಿಯುವ ಮೊದಲೇ ಮಾಲೀಕನ ಕೈ ಚೀಲದೊಳಗೆ ಹೋಗಿ ಹೊರಗೆ ಬಂತು. ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಮುಷ್ಟಿ ಭಂಡಾರವನ್ನು ಎಂಜಿನ್ ಮೇಲೆ ಹಾರಿಸಿದ. ಆಮೇಲೆ ಮತ್ತೊಂದು ಮುಷ್ಟಿ. ಅರಿಶಿನದ ಪುಡಿ ಬಿಸಿಲಿನಲ್ಲಿ ಮೋಡದಂತೆ ನಿಂತು ನಿಧಾನವಾಗಿ ಕೆಳಗಿಳಿಯಿತು.

ಸಿಲಿಂಡರುಗಳನ್ನೂ ಟ್ಯಾಪೆಟ್ ತೂತುಗಳನ್ನೂ ಮಾಮಾ ಹಳೆಯ ಧೋತರದಿಂದ ಮುಚ್ಚಿದ್ದ. ಮಾಲೀಕನಿಗೆ ತೋರಿಸಲು ಒಂದು ತುದಿಯನ್ನಷ್ಟೇ ಸರಿಸಿದ್ದವನು ಲಗುಬಗೆಯಿಂದ ಮತ್ತೆ ಎಳೆದ. ‘ಲೇ, ಒಳಗ ಬಿದ್ದಿದ್ದರ?’ ಎಂದು ಬೈದ. ಮಾಲೀಕ ನಕ್ಕ. ಮಾಮಾನೂ ನಕ್ಕ. ನಮ್ಮ ಕಡೆ ಭಂಡಾರ ಬಿದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ. ನಾನೂ ತಲೆಗೂದಲಿಂದ ಹಳದಿ ಕೊಡವಿಕೊಂಡು ನಕ್ಕೆ.

ಆಮೇಲೆ ಮಾಮಾ ಧೋತರ ಇದ್ದಂತೆಯೇ ಇಟ್ಟು, ಅದರ ಸುತ್ತಲಿನ ಜಾಗಕ್ಕೆ ಕಂಪ್ರೆಸರಿನ ಗಾಳಿ ಹೊಡೆದ. ಮೇಲ್ಮೈ ಕನ್ನಡಿಯಂತಾಯಿತು. ಧೋತರ ತೆಗೆದು, ಡೀಸೆಲ್ ಬಟ್ಟೆಯಿಂದ ಒರೆಸಿ, ಸಂದಿನಲ್ಲಿ ಗಾಳಿ ನೀರು ಸೋರದಂತೆ ತಡೆಯುವ ಹೊಸ ಪ್ಯಾಕಿಂಗ್ ಹಾಸಿ, ಭಾರ ಎತ್ತುವ ಚೈನ್ ಬ್ಲಾಕಿನಿಂದ ಒಂದೊಂದೇ ಹೆಡ್ ಇಳಿಸಿದೆವು. ಹೆಡ್ ಬೋಲ್ಟುಗಳು ಇಳಿಯುವ ತೂತುಗಳ ತಳ ಮುಚ್ಚಿರುತ್ತದೆ. ಧೋತರದ ಹೊರಗೆ ಉಳಿದದ್ದು ಅವೇ. ಗಾಡಿ ಹಿಂದಕ್ಕೆ ತುಸು ವಾಲಿ ನಿಂತಿತ್ತು, ತೊಳೆದ ಎಣ್ಣೆಯ ಪಸೆಯೆಲ್ಲ ಹಿಂದಿನ ಮೂಲೆಯ ತೂತಿಗೆ ಇಳಿದಿತ್ತು. ಗಾಳಿ ಪುಡಿಯನ್ನು ಅಲ್ಲಿಗೇ ತಳ್ಳಿತ್ತು. ಇದೆಲ್ಲ ಆಮೇಲೆ ತಿಳಿದದ್ದು.

ಬಿಗಿಯುವ ಕೆಲಸ ನನ್ನದು. ಟಾರ್ಕ್ ಪಾನಾ ಎಂದರೆ, ಹೊಂದಿಸಿಟ್ಟಷ್ಟು ಬಿಗಿಯಾದೊಡನೆ ಕಟ್ ಎಂದು ಸದ್ದು ಮಾಡುವ ಉದ್ದ ಸ್ಪ್ಯಾನರು. ನಡುವಿನ ಬೋಲ್ಟಿನಿಂದ ಶುರು ಮಾಡಿ ಸುತ್ತುತ್ತ ಹೊರಗೆ ಬರಬೇಕು. ಒಮ್ಮೆಗೇ ಪೂರಾ ಬಿಗಿಯಬಾರದು, ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪ ಏರಿಸಬೇಕು. ಹಿಂದಿನ ಹೆಡ್ಡಿನ ಮೂಲೆಯ ಬೋಲ್ಟು ಉಳಿದವಕ್ಕಿಂತ ಒಂಚೂರು ಬೇಗ ಕಟ್ ಎಂದಿತೇ? ಎಂದಿತು ಎಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ. ಪಾಠದಲ್ಲಿ ಹೇಳುವುದೂ ಅದನ್ನೇ: ಸದ್ದು ಬಂದರೆ ನಿಲ್ಲಿಸಿ.

ಪುಶ್ ರಾಡ್, ರಾಕರ್, ಕವರ್, ರೇಡಿಯೇಟರ್, ನೀರು, ಆಯಿಲ್ ಎಲ್ಲ ಮುಗಿಯುವಷ್ಟರಲ್ಲಿ ಮರುದಿನದ ಮಧ್ಯಾಹ್ನ. ಡೀಸೆಲ್ ಪೈಪಿನ ಗಾಳಿ ತೆಗೆದು ಚಾಲೂ ಮಾಡಿದೆವು. ಎರಡನೆಯ ಸಲಕ್ಕೆ ಹಿಡಿಯಿತು. ಒಳ್ಳೆಯ ಸದ್ದು. ಮಾಮಾ ತಲೆ ವಾಲಿಸಿ ಆಲಿಸಿದ. ನಾನು ಡೀಸೆಲ್ ಪಂಪಿನ ಪಕ್ಕ, ಎಂಜಿನ್ ನಿಲ್ಲಿಸುವ ಲಿವರ್ ಹತ್ತಿರ ನಿಂತಿದ್ದೆ. ಎಂಜಿನ್ ಬಿಸಿಯಾಗುತ್ತ ಬಂತು. ಮಾಲೀಕ ಚಕ್ರದ ಮೇಲೆ ಹತ್ತಿ, ಈ ಸಲ ಎರಚದೆ, ಎಂಜಿನ್ನಿಗೆ ಬೊಟ್ಟು ಇಡುವುದಕ್ಕೆ ಬಗ್ಗಿದ. ಅವನ ಮುಖ ರೇಡಿಯೇಟರಿನ ಮೇಲಿನ ರಬ್ಬರ್ ಪೈಪಿಗೆ ಒಂದು ಗೇಣು.

ಆ ಪೈಪು ಊದಿತ್ತು.

ನಾನು ಅದನ್ನು ನೋಡಿದೆ. ಬಿಸಿ ನೀರಿಗೆ ಪೈಪು ಗಟ್ಟಿಯಾಗುತ್ತದೆ, ಆದರೆ ಹಾಗೆ ಉಬ್ಬುವುದಿಲ್ಲ. ಸಿಲಿಂಡರಿನ ಉರಿಗಾಳಿ ಪ್ಯಾಕಿಂಗ್ ಒಡೆದು ನೀರಿನೊಳಗೆ ನುಗ್ಗುತ್ತಿದೆ ಎಂದು ಗೊತ್ತಾಯಿತು. ಗೊತ್ತಾದದ್ದಕ್ಕೂ ನನ್ನ ಕೈ ಲಿವರ್ ಒತ್ತಿದ್ದಕ್ಕೂ ನಡುವೆ ಇದ್ದ ಹೊತ್ತನ್ನು ಎಷ್ಟೋ ರಾತ್ರಿ ಅಳೆದು ನೋಡಿದ್ದೇನೆ. ಒಮ್ಮೆ ಅದು ರೆಪ್ಪೆ ಹೊಡೆಯುವಷ್ಟು, ಒಮ್ಮೆ ಊಟ ಮುಗಿಯುವಷ್ಟು. ಬಾಯಿಂದ ಮಾತಂತೂ ಬರಲಿಲ್ಲ.

ಮಾಮಾ ಕೂಗಿದ: ‘ಹಿಂದ ಸರಿಯೋ!’ ಕೂಗುತ್ತಲೇ ಮೊಣಕೈಯಿಂದ ಮಾಲೀಕನ ಎದೆಗೆ ಗುದ್ದಿದ. ಮಾಲೀಕ ಚಕ್ರದಿಂದ ಮಣ್ಣಿಗೆ ಬಿದ್ದ. ಪೈಪಿನ ಬಾಯಿ ಕ್ಲಿಪ್ಪಿನಿಂದ ಕಿತ್ತು, ಕುದಿನೀರು ಬುಸ್ಸೆಂದು ಎದ್ದು, ಆ ಮುಖ ಇದ್ದ ಜಾಗವನ್ನು ದಾಟಿ ಮಾಮಾನ ಬಲಗೈ ಮೇಲೆ ಬಿತ್ತು. ನಾನು ಲಿವರ್ ಒತ್ತಿ ಹಿಡಿದಿದ್ದೆ. ಎಂಜಿನ್ ನಿಂತ ಮೇಲೂ ಹಿಡಿದೇ ಇದ್ದೆ. ಮಾಮಾ ಅರಚಲಿಲ್ಲ. ಹಲ್ಲು ಕಚ್ಚಿಕೊಂಡು, ‘ನೀರ ಹಾಕ ಬೇ, ತಣ್ಣೀರ,’ ಎಂದಾಗಷ್ಟೇ ನನ್ನ ಬೆರಳು ಬಿಟ್ಟವು.

ಆಸ್ಪತ್ರೆಯಲ್ಲಿ ಬೆರಳಿಂದ ಮೊಣಕೈವರೆಗೆ ಪಟ್ಟಿ ಕಟ್ಟಿದರು. ಚರ್ಮ ಮತ್ತೆ ಬರುತ್ತದೆ, ಆದರೆ ಆ ಕೈಯಲ್ಲಿ ಸದ್ಯ ಏನೂ ಹಿಡಿಯಕೂಡದು ಎಂದರು. ಅದು ಮುಖಕ್ಕೆ ಬಿದ್ದಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ ಮಾತು ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಾಲೀಕನಿಗೂ ಕೇಳಿಸಿತು. ಅವನು ಎದ್ದು ನಿಂತು ಮತ್ತೆ ಕೂತ.

ಮರುದಿನ ಬೆಳಿಗ್ಗೆ ಅವನು ಹೆದರಿಕೆಯನ್ನು ಸಿಟ್ಟು ಮಾಡಿಕೊಂಡು ಬಂದ. ಕೈಯಲ್ಲಿ ಬನಹಟ್ಟಿಯಿಂದ ತಂದ ಹೊಸ ಪ್ಯಾಕಿಂಗ್.

‘ಇದನ್ನ ಹಾಕಿ ಈ ಸರ್ತಿ ಜೋರ ಬಿಗೀರಿ. ಮಿಸ್ತ್ರಿ ಬಿಗದಿದ್ದರ ಹಿಂಗ ಆಗತಿರಲಿಲ್ಲ. ಅಕ್ಕಾರ ಕೈಗೆ ಖಡು ಛಲೋ, ಪಾನಾ ಅಲ್ಲ.’

ಖಡು ಎಂದರೆ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣ. ಪಾಠ ಹೇಳುವ ಹೆಂಗಸರನ್ನು ಅಕ್ಕಾರ ಎನ್ನುವುದು ನಮ್ಮ ಕಡೆಯ ರೂಢಿ. ಅವನು ಯಾವಾಗಲೂ ನನ್ನನ್ನು ಹಾಗೇ ಕರೆಯುತ್ತಿದ್ದ, ಆದರೆ ಆ ದಿನ ಆ ಮಾತಿಗೆ ಮೊನೆ ಇತ್ತು. ಕುರ್ಚಿಯಲ್ಲಿ ಕೈ ಎದೆಗೆ ಕಟ್ಟಿಕೊಂಡು ಕೂತಿದ್ದ ಮಾಮಾ, ‘ಬಾಯಿ ಮುಚ್ಚಲೇ. ಸದ್ದ ನಾನೂ ಕೇಳೀನಿ. ಎಲ್ಲಾ ಬೋಲ್ಟೂ ಕಟ್ ಅಂದಾವು,’ ಎಂದ.

ನನಗೆ ಆ ಬೆಂಬಲದಿಂದ ಸಮಾಧಾನವಾಗಲಿಲ್ಲ. ನನ್ನ ಕೈಯದೇ ತಪ್ಪು ಎಂದು ಗೊತ್ತಾದರೆ ಒಂದು ಬಗೆಯ ನಿಶ್ಚಿಂತೆ, ಸರಿಯಾಗಿ ಬಿಗಿದರೆ ಮುಗಿಯಿತು. ಎಲ್ಲ ಸರಿ ಇದ್ದೂ ಹೀಗಾಗಿದ್ದರೆ ಮತ್ತೆಯೂ ಆಗುತ್ತದೆ. ಮುಂದಿನ ಸಲ ಗಾಡಿ ಗ್ಯಾರೇಜಿನಲ್ಲಿ ಇರುವುದಿಲ್ಲ. ಬೀಳಗಿಯ ಇಳಿಜಾರಿನಲ್ಲಿ ಕಬ್ಬು ಹೇರಿಕೊಂಡಿರುತ್ತದೆ, ಒಳಗೆ ಅವನಿರುತ್ತಾನೆ. ಕಾರಣ ಸಿಗುವ ತನಕ ಚಾಲೂ ಮಾಡುವುದಿಲ್ಲ ಎಂದೆ.

ಬಿಚ್ಚುವ ಮೊದಲು ಪಾನಾವನ್ನು ಅದೇ ಅಳತೆಗೆ ಇಟ್ಟು ಪ್ರತಿ ಬೋಲ್ಟಿಗೂ ಹಾಕಿ ನೋಡಿದೆ. ಎಲ್ಲ ಕಟ್, ಕಟ್. ಯಾವುದೂ ಕದಲಲಿಲ್ಲ. ಮೂಲೆಯ ಬೋಲ್ಟೂ ಕಟ್ ಎಂದಿತು. ಅದರ ಸುತ್ತ ನೀರು ಕುದ್ದು ಒಣಗಿದ ಬಿಳಿ ಕಲೆ ಇತ್ತು. ಬಟ್ಟೆಯಿಂದ ಒರೆಸುವಾಗ ಬೆರಳಿನ ಕೆಳಗೆ ಏನೋ ಸರಿಯಿತು.

ಬೋಲ್ಟಿನ ತಲೆಯ ಕೆಳಗಿನ ವಾಷರ್. ಬೆರಳಿನಿಂದ ತಿರುಗಿಸಿದೆ, ತಿರುಗಿತು.

ಬೋಲ್ಟ್ ಕಲ್ಲಿನಂತೆ ಬಿಗಿ, ಅದು ಒತ್ತಿ ಹಿಡಿಯಬೇಕಾದ ವಾಷರ್ ಬಳೆಯಂತೆ ಸಡಿಲ. ಮಾಮಾನನ್ನು ಕರೆದೆ. ಅವನು ಎಡಗೈ ಬೆರಳು ಚಾಚಿ ತಿರುಗಿಸಿದ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

ಮಾಲೀಕ ಇಣುಕಿದ. ‘ಮತ್ತ ಅದ ನೋಡ್ರಿ! ಬಿಗಿ ಆಗಿಲ್ಲಂದ್ರ ಸಡಿಲ ಇರತೈತಿ. ಅದಕ್ಯಾಕ ಇಷ್ಟ ವಿಚಾರ?’ ಎಂದವನೇ ಮೂಲೆಯಲ್ಲಿದ್ದ ಕಬ್ಬಿಣದ ಪೈಪು ತಂದು ಪಾನಾದ ಹಿಡಿಗೆ ಸಿಕ್ಕಿಸಿದ. ಹಿಡಿ ಉದ್ದವಾದಷ್ಟು ಬಲ ಹೆಚ್ಚು. ಎಲ್ಲ ಗ್ಯಾರೇಜಿನಲ್ಲೂ ಕೊನೆಯ ಉಪಾಯ ಇದೇ. ಎರಡೂ ಕೈಯಿಂದ ಪೈಪು ಹಿಡಿದು ಕಾಲು ಊರಿದ.

‘ಬಿಡ್ರಿ,’ ಎಂದೆ.

‘ಒಂದ ಎಳತಾ ಎಳೀತೀನ್ರಿ ಅಕ್ಕಾರ, ಒಂದ.’

ಯೋಚಿಸಿ ಮಾಡಿದೆ ಎಂದು ಹೇಳಲಾರೆ. ನಾನು ಆ ಪೈಪಿನ ಮೇಲೆ ಹೊಟ್ಟೆ ಹಾಕಿ ಅಡ್ಡಬಿದ್ದೆ. ‘ಕೆಳಗ ಏನೋ ಕುಂತೈತಿ! ಬೋಲ್ಟ ಅದನ್ನ ಒತ್ತಾಕತ್ತೈತಿ, ಹೆಡ್ಡನ್ನಲ್ಲ. ಇನ್ನ ಬಿಗಿದರ ಬ್ಲಾಕ ಸೀಳತೈತಿ!’ ನನ್ನ ದನಿ ನನಗೇ ಗುರುತು ಸಿಗದಷ್ಟು ಎತ್ತರಕ್ಕೆ ಹೋಗಿತ್ತು. ರಸ್ತೆಯಾಚೆಯ ಚಹಾ ಅಂಗಡಿಯವರು ಎದ್ದು ನೋಡಿದರು. ಹಿಂದಿನ ದಿನ ಬಾರದ ಕೂಗು ಈಗ ಬಂದಿತ್ತು.

‘ಅಕಿ ಹೇಳಿದ್ದ ಖರೆ ಐತಿ. ಪೈಪ ಇಳಸು,’ ಎಂದ ಮಾಮಾ. ‘ಮೂರೂ ಹೆಡ್ ತಗೀರಿ.’

ಮಾಲೀಕ ಪೈಪು ಬಿಟ್ಟ. ಅದು ನೆಲಕ್ಕೆ ಬಿದ್ದು ಉರುಳಿತು.

ರಟ್ಟಿನ ಹಾಳೆಗೆ ತೂತು ಹೊಡೆದು, ಎಂಜಿನ್ ಮೇಲೆ ಹೇಗಿದ್ದವೋ ಅದೇ ಸಾಲಿನಲ್ಲಿ ಬೋಲ್ಟುಗಳನ್ನು ಸಿಕ್ಕಿಸುತ್ತ ಹೋದೆ. ಮೂಲೆಯದು ಕೊನೆಗೆ ಬಂತು. ಅದರ ತುದಿಗೆ ಎಣ್ಣೆಯಲ್ಲಿ ಕಲಸಿ ಒತ್ತಿ ಗಟ್ಟಿಯಾದ ಹಳದಿ ಮುದ್ದೆ ಅಂಟಿತ್ತು. ಉಗುರಿನಿಂದ ಕೆರೆದರೆ ಬರುತ್ತಿರಲಿಲ್ಲ.

ಮೊದಲು ಗುರುತು ಹಿಡಿದವನು ಮಾಲೀಕನೇ. ಬೋಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದ.

‘ಭಂಡಾರ,’ ಎಂದ.

‘ಗಾಳಿ ಹೊಡದಾಂವ ನಾನು,’ ಎಂದ ಮಾಮಾ ಥಟ್ಟನೆ. ‘ಹೊಡೀದ ಇದ್ದಿದ್ದರ ಮ್ಯಾಲ ಕಾಣತಿತ್ತು, ಒರಸತಿದ್ದಿವಿ.’

ಮಾಲೀಕನಿಗೆ ಅದು ಕೇಳಿಸಲಿಲ್ಲ. ಅವನು ಮಾಮಾನ ಪಟ್ಟಿ ಕಟ್ಟಿದ ಕೈ ನೋಡುತ್ತಿದ್ದ. ‘ದೇವರ ಒಲ್ಲೆ ಅಂದಾನೇನ್ರಿ ಮಿಸ್ತ್ರಿ?’

ಮಾಮಾ ತಡಮಾಡಲಿಲ್ಲ. ‘ದೇವರನ್ನ ಯಾಕ ನಡುವ ತರತಿ? ತೂತ ಮುಚ್ಚರಿ ಅಂತ ಅಂವಾ ಬುದ್ಧಿ ಕೊಟ್ಟಿದ್ದ. ನಾವು ಅರ್ಧಾ ಮುಚ್ಚಿ ಅರ್ಧಾ ಬಿಟ್ಟಿವಿ. ಅರ್ಧಾ ಧೋತರಕ್ಕ ಅಂವ ಏನ ಮಾಡ್ಯಾನು?’

ಮಾಲೀಕ ನಗಲಿಲ್ಲ. ಆದರೆ ಬೋಲ್ಟನ್ನು ನನ್ನ ಕೈಗೆ ವಾಪಸು ಕೊಟ್ಟ.

ಇನ್ನೂ ಒಂದು ಭಯ ಉಳಿದಿತ್ತು. ಆ ಮುದ್ದೆಯ ಒತ್ತಡಕ್ಕೆ ಬ್ಲಾಕ್ ಆಗಲೇ ಸೀಳಿದ್ದರೆ? ಸೀಳಿದ ಬ್ಲಾಕಿಗೆ ನಮ್ಮಲ್ಲಿ ಮದ್ದಿಲ್ಲ, ಗಾಡಿಯ ಕಥೆ ಅಲ್ಲಿಗೇ ಮುಗಿಯುತ್ತದೆ. ತೂತಿನ ಸುತ್ತ ಡೀಸೆಲ್ ಹಚ್ಚಿ ನೆನೆಯಲು ಬಿಟ್ಟು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಖಡು ಪುಡಿ ಉದುರಿಸಬೇಕು. ಸೀಳು ಇದ್ದರೆ ಒಳಗಿನ ಡೀಸೆಲ್ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ನನ್ನ ಚೀಲದಲ್ಲಿ ಕಾಲೇಜಿನ ಖಡು ಇತ್ತು. ಮಾಲೀಕನೇ ಅದನ್ನು ಕಲ್ಲಿನ ಮೇಲೆ ಅರೆದ. ಅಕ್ಕಾರ ಕೈಯ ಖಡು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪುಡಿ ಉದುರಿಸಿ ಕಾದೆವು. ಮೂವರೂ ಬಗ್ಗಿದ್ದೆವು, ಉಸಿರು ತಾಗದಂತೆ ಮುಖ ತಿರುಗಿಸಿಕೊಂಡು. ಸ್ವಲ್ಪ ಹೊತ್ತಿಗೆ ತೂತಿನ ಅಂಚಿನಿಂದ ತೆಳ್ಳಗೆ ಒಂದು ಕಪ್ಪು ಗೆರೆ ಕಂಡಿತು.

‘ಹೋತು,’ ಎಂದು ಮಾಲೀಕ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

ಸೂಜಿಯ ತುದಿಯಿಂದ ಗೆರೆಯನ್ನು ಮುಟ್ಟಿದೆ. ಗೆರೆ ಎದ್ದು ಸೂಜಿಗೆ ಅಂಟಿಕೊಂಡಿತು. ಡೀಸೆಲ್ ಹಚ್ಚಿದ ಬ್ರಶ್ಶಿನ ಒಂದು ಕೂದಲು. ನಂಬಿಕೆ ಬರದೆ ಎಲ್ಲ ಒರೆಸಿ ಮೊದಲಿನಿಂದ ಮಾಡಿದೆವು, ಆಮೇಲೆ ಮತ್ತೊಮ್ಮೆ. ಬಿಳಿ ಬಿಳಿಯಾಗಿಯೇ ಉಳಿಯಿತು. ‘ಖಡು ಸುಳ್ಳ ಹೇಳೂದಿಲ್ಲೇನ್ರಿ?’ ಎಂದು ಮಾಲೀಕ ಕೇಳಿದ. ಮೂರು ಸಲವೂ ಸುಳ್ಳು ಹೇಳಲಾರದು ಎಂದೆ. ಮಾತಿನಲ್ಲಿದ್ದಷ್ಟು ಧೈರ್ಯ ನನಗೂ ಇರಲಿಲ್ಲ.

ತೂತು ಶುಚಿ ಮಾಡುವಾಗ ಹೇಳಿಕೊಟ್ಟದ್ದು ಮಾಮಾನ ಬಾಯಿ, ಮಾಡಿದ್ದು ನನ್ನ ಕೈ. ಹಳೆಯ ಬೋಲ್ಟಿನ ಉದ್ದಕ್ಕೂ ಗರಗಸದಿಂದ ಗೀರು ಹೊಡೆದು ಅದನ್ನೇ ಒಳಗೆ ತಿರುಗಿಸಿ ತಿರುಗಿಸಿ ಹೊರಗೆ ತೆಗೆದೆ. ಪ್ರತಿ ಸಲವೂ ಗೀರಿನಲ್ಲಿ ಹಳದಿ ಬರುತ್ತಿತ್ತು. ತಂತಿಗೆ ಬಟ್ಟೆ ಸುತ್ತಿ ತಳದ ಪಸೆ ಹೀರಿಸಿದೆ. ಆಮೇಲೆ ಪೆನ್ಸಿಲ್ ಇಳಿಬಿಟ್ಟು ಎಲ್ಲ ತೂತುಗಳ ಆಳ ನೋಡಿದೆ. ಇನ್ನೂ ಎರಡು ತೂತುಗಳಲ್ಲಿ ಪೆನ್ಸಿಲ್ ಸ್ವಲ್ಪ ಮೇಲೆ ನಿಂತಿತು. ಅಲ್ಲಿಯೂ ಭಂಡಾರ ಇಳಿದಿತ್ತು, ಬೋಲ್ಟಿಗೆ ತಾಗುವಷ್ಟು ಇರಲಿಲ್ಲ ಅಷ್ಟೇ. ಒಂದು ಚಿಟಿಕೆ ಹೆಚ್ಚಿದ್ದರೆ ಅವೂ ತಾಗುತ್ತಿದ್ದವು ಎಂದುಕೊಂಡು ಆ ಎರಡನ್ನೂ ಹಾಗೆಯೇ ಶುಚಿ ಮಾಡಿದೆ.

ಎರಡನೆಯ ಸಲ ಹೆಡ್ ಇಳಿಸುವಾಗ ಚೈನ್ ಎಳೆದವನು ಮಾಲೀಕ. ಕೆಲಸಕ್ಕೆ ಬರುವ ಮೊದಲು ಅಂಗಿ ಬಿಚ್ಚಿ, ಭಂಡಾರದ ಚೀಲ ಸಮೇತ, ದೂರದ ಬೇಲಿಗೆ ಸಿಕ್ಕಿಸಿ ಬಂದಿದ್ದ. ಪ್ರತಿ ಬೋಲ್ಟ್ ಕಟ್ ಎಂದಾಗಲೂ ನಾನು ವಾಷರ್ ತಿರುಗಿಸಿ ನೋಡುತ್ತಿದ್ದೆ. ತಿರುಗಲಿಲ್ಲ. ಆದರೂ ಮುಂದಿನ ಬೋಲ್ಟಿಗೆ ಹೋಗಿ ಮತ್ತೆ ಹಿಂದಿನದಕ್ಕೆ ಬರುತ್ತಿದ್ದೆ. ‘ಸಾಕ ಬೇ, ಅದಕ್ಕೂ ಬ್ಯಾಸರಾಗತೈತಿ,’ ಎಂದ ಮಾಮಾ ಕುರ್ಚಿಯಿಂದ.

ಚಾಲೂ ಮಾಡುವಾಗ ಯಾರನ್ನೂ ಹತ್ತಿರ ಬಿಡಲಿಲ್ಲ. ಮಾಲೀಕನನ್ನು ರಸ್ತೆಯ ಅಂಚಿಗೆ ಕಳಿಸಿದೆ. ಅವನು ಅಂಗಿ ಹಾಕಿಕೊಂಡು ಒಂದು ಮುಷ್ಟಿ ಬಿಗಿ ಹಿಡಿದು ನಿಂತ. ಎಂಜಿನ್ ಬಿಸಿಯಾಯಿತು. ನಾನು ಲಿವರ್ ಮೇಲೆ ಕೈ ಇಟ್ಟು ಪೈಪನ್ನೇ ನೋಡುತ್ತಿದ್ದೆ. ಅದು ಬೆಚ್ಚಗಾಯಿತು, ತುಸು ಗಟ್ಟಿಯಾಯಿತು, ಅಲ್ಲಿಗೇ ನಿಂತಿತು. ಎಷ್ಟು ಹೊತ್ತಾದರೂ ಊದಲಿಲ್ಲ. ಕೊನೆಗೆ ಮಾಮಾನೇ ‘ಬಂದ್ ಮಾಡು, ಡೀಸೆಲ್ ತೀರತೈತಿ,’ ಎಂದ.

ರಸ್ತೆ ಕಡೆಯಿಂದ ಮಾಲೀಕ ಕೂಗಿದ: ‘ಅಕ್ಕಾರ, ಈಗ ಭಂಡಾರ ಹಚ್ಚಿದರ ನಡೀತೈತೇನ್ರಿ?’

ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ನಾನು ಒಂದೊಂದಾಗಿ ನೋಡಿದೆ. ರಾಕರ್ ಕವರ್ ಮುಚ್ಚಿದೆ, ಆಯಿಲ್ ಬಾಯಿ ಮುಚ್ಚಿದೆ, ರೇಡಿಯೇಟರ್ ಬಾಯಿ ಮುಚ್ಚಿದೆ. ‘ನಡೀತೈತಿ, ಬರ್ರಿ,’ ಎಂದೆ.

ಅವನು ಎಂಜಿನ್ ಹತ್ತಿರ ಹೋಗಲಿಲ್ಲ. ಮಾಮಾನ ಹಣೆಗೆ ಹಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, ಕೈ ಮುಂದೆ ಮಾಡ್ರಿ ಎಂದ. ಬಲಗೈ ಚಾಚಿದೆ. ಪಾನಾ ಹಿಡಿದ ಮಣಿಕಟ್ಟಿನ ಮೇಲೆ ಹೆಬ್ಬೆರಳಿನಿಂದ ಒಂದು ಗೆರೆ ಎಳೆದು, ಉಳಿದದ್ದನ್ನು ಚೀಲಕ್ಕೆ ಹಾಕಿಕೊಂಡ.

ಇಷ್ಟಾದರೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಪೈಪು ಊದುತ್ತಿತ್ತು, ಮುಖ ಬಗ್ಗುತ್ತಿತ್ತು, ನನ್ನ ಕೈ ಲಿವರ್ ಮೇಲೆ ಹಾಗೇ ಇರುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಾಮಾ ಏಳುವುದು, ನೀರು ಕುಡಿಯುವುದು ಕೇಳಿಸುತ್ತಿತ್ತು. ಕೈ ಉರಿಯುತ್ತದೆ ಎನ್ನುತ್ತಿದ್ದ. ರಸ್ತೆಯಲ್ಲಿ ಲಾರಿಯ ಸದ್ದು ಬಂದಾಗಲೆಲ್ಲ ಆ ಕೋಣೆಯೂ ಸುಮ್ಮನಾಗಿ ಕಿವಿಗೊಡುತ್ತಿತ್ತು.

ಒಂದು ವಾರ ಕಬ್ಬು ಹೊತ್ತು, ಮತ್ತೊಮ್ಮೆ ನೋಡಬೇಕು ಎಂದು ನಾನು ಹೇಳಿದ್ದಂತೆ ಮಾಲೀಕ ಗಾಡಿ ತಂದು ನಿಲ್ಲಿಸಿದ. ಕ್ಯಾಬಿನ್ ಬಗ್ಗಿಸಿ, ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದೆ. ಮೂಲೆಯ ಬೋಲ್ಟು ಕವರಿನ ಹೊರಗೇ ಇದೆ, ಕೈಗೆ ಸಿಗುತ್ತದೆ. ಧೂಳು ಒರೆಸಿ ವಾಷರ್ ಮೇಲೆ ಬೆರಳಿಟ್ಟು ತಿರುಗಿಸಿದೆ. ಕದಲಲಿಲ್ಲ. ಉಗುರು ಕೊಟ್ಟು ಒತ್ತಿದೆ, ಉಗುರು ಮುರಿಯಿತು. ಮಾಮಾ ಎಡಗೈ ಚಾಚಿ ನೋಡಿದ. ಮಾಲೀಕನೂ ನೋಡಿದ. ‘ಹುಟ್ಟಿದಾಗಿಂದ ಅಲ್ಲೇ ಐತೇನೋ ಅನಸ್ತೈತಲ್ರೀ ಇದು,’ ಎಂದು ನಕ್ಕ.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಕಣ್ಣು ಬಿಟ್ಟರೆ ಕಿಟಕಿಯ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು.

‘ಏಳ್ತಿಯೋ ಇಲ್ಲೋ?’ ಹೊರಗೆ ಮಾಮಿಯ ದನಿ. ‘ಗ್ಯಾರೇಜಿನ ಮುಂದ ಎರಡ ಗಾಡಿ ನಿಂತಾವು. ನಿಮ್ಮ ಮಾಮಾನ್ನ ಎಬ್ಬಿಸಾಕ ಹೋದರ ಅಂವಾ ನಿನಗಿಂತ ಜೋರ ಗೊರಕಿ ಹೊಡ್ಯಾಕತ್ತಾನ.’